ಉಂಕಿಯ ತುದಿ ಹಿಡಿದವರು

ಸಂಸ್ಥಾನದ ಕಾಲ ಅದು. ರಾಮದುರ್ಗದ ನಮ್ಮ ನೇಕಾರ ಓಣಿಯಲ್ಲಿ ಬೆಳಗೆಂದರೆ ಗಂಜಿಯ ವಾಸನೆ. ಮಗ್ಗಕ್ಕೆ ಏರಿಸುವ ನೂಲನ್ನು ಬೀದಿಯುದ್ದಕ್ಕೂ ಬಿಗಿದು ಗಂಜಿ ಹಚ್ಚುವುದಕ್ಕೆ ಉಂಕಿ ಎನ್ನುತ್ತಿದ್ದೆವು. ಬಿಸಿಲೇರುವುದರೊಳಗೆ ಮುಗಿಯಬೇಕು, ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಹಾಗಾಗಿ ಯಾರ ಉಂಕಿಯಾದರೂ ಮನೆಗೊಬ್ಬರು ಬರುವುದು ರೂಢಿ. ಆ ಗದ್ದಲ, ಆ ಚೇಷ್ಟೆ ನನಗೆ ಈಗಲೂ ಬೇಕೆನಿಸುತ್ತದೆ.

ತುದಿ ಹಿಡಿದು ಬಿಗಿಯುವುದರಲ್ಲಿ ನನ್ನ ಗಂಡ ಗಟ್ಟಿಗರು. ಸೆರೆ ಕುಡಿಯುವ ಚಟ ಹತ್ತಿದ ಮೇಲೆ ಅದೂ ಹೋಯಿತು. ಒಂದು ಬೆಳಿಗ್ಗೆ ಎದುರುಮನೆಯ ಅಜ್ಜಿಯ ಉಂಕಿಯಲ್ಲಿ ತುದಿ ಕೈಬಿಟ್ಟರು. ಹಸಿ ನೂಲೆಲ್ಲ ಮಣ್ಣುಪಾಲು. ಅಂದಿನಿಂದ ಅವರು ಮನೆ ಬಿಟ್ಟು ಹೊರಟರೆ ಸೆರೆಯಂಗಡಿಗೇ. ಉಂಕಿಗೆ ಅವರ ಬದಲು ನಾನೇ ಸೆರಗು ಬಿಗಿದು ಹೋಗತೊಡಗಿದೆ. ಮನೆಯ ಮಾನ ಉಳಿಸಿದೆನೆಂಬ ಜಂಬ ಬೇರೆ! ಅವರೋ, ಹೇಗೂ ಇವಳಿದ್ದಾಳಲ್ಲ ಎಂದು ಮತ್ತಷ್ಟು ಕುಡಿದರು.

ಒಂದು ದಿನ ಅದೇ ಅಜ್ಜಿ ನನ್ನನ್ನು ಬೀದಿಯಲ್ಲೇ ತಡೆದಳು.

"ನೀ ಯಾಕ ಬಂದಿ? ನಾ ಕರದದ್ದು ಅವನ್ನ."

"ಅವ್ರ ಕೈ ನಡಗತಾವ ಆಯಿ. ಮತ್ತ ಕೆಡಸ್ಯಾರು."

"ಕೆಟ್ರ ನನ್ನ ನೂಲು ಕೆಡತೈತಿ. ನೀ ಮನೀಗೆ ನಡಿ."

ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಅವರ ಮುಂದೆ ಊಟದ ಗಂಗಾಳ ಕುಕ್ಕಿದೆ. ಹಿಂದೆಯೇ ಅಜ್ಜಿ ಹೊಸ್ತಿಲಿಗೆ ಬಂದು ಕೂಗಿದಳು: "ತಮ್ಮಾ, ಮಂದಿ ಕಾಯಾಕ ಹತ್ತೇತಿ. ಗಂಜಿ ಆರತೈತಿ, ಬಾ."

ಅವರು ಎದ್ದು ಹೋದರು. ತುದಿ ಹಿಡಿದ ಕೈ ನಡುಗಿ ನೂಲೆಲ್ಲ ನಡುಗಿತು. ಇಂದೂ ಬಿಟ್ಟರೆ ಇನ್ನೆಂದೂ ಓಣಿಗೆ ಮುಖ ತೋರಿಸುವವರಲ್ಲ ಎಂದು ನಾನು ಬಾಗಿಲಲ್ಲಿ ಉಸಿರು ಹಿಡಿದು ನಿಂತೆ. ಪಕ್ಕದ ಮನೆಯ ಕಾಕಾ ಬಂದು ಅವರ ಕೈ ಮೇಲೆ ತಮ್ಮ ಕೈಯಿಟ್ಟರು. ಮಾಡಿದ್ದುಣ್ಣೋ ಮಹಾರಾಯ ಎಂದು ಓಣಿಯವರು ಸುಮ್ಮನಿರಬಹುದಿತ್ತು. ಹಾಗೆ ಕೈಬಿಡಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಸ್ವಲ್ಪ ಎಡಕ್ಕ ಬಿಗಿಯಪಾ" ಎಂದರು, ಅಷ್ಟೇ.

ಓಣಿಯವರು ಮುಂದಿನ ಉಂಕಿಗೂ ಅವರನ್ನೇ ಕರೆದರು, ಅದರ ಮುಂದಿನದಕ್ಕೂ. ನಡುವೆ ಎರಡು ಸಲ ನನ್ನ ಗಂಡ ಮತ್ತೆ ಕುಡಿದು ಬಿದ್ದರು. ಆಗಲೂ ಬೆಳಿಗ್ಗೆ ಯಾರಾದರೊಬ್ಬರು ಬಂದು ಕೂಗಿದರು. ವರ್ಷ ಕಳೆಯುವಷ್ಟರಲ್ಲಿ ಚಟ ಬಿಟ್ಟಿತು.

ಆಮೇಲೆ, ಕುಡಿತದ ದಿನಗಳಲ್ಲಿ ನಿಂತಿದ್ದ ನಮ್ಮ ಮನೆಯ ಮಗ್ಗಕ್ಕೇ ಉಂಕಿ ಬಂತು. ಹಳೆಯ ರೂಢಿಯಂತೆ ಸೆರಗು ಬಿಗಿದವಳು ನಿಂತುಬಿಟ್ಟೆ. ಇಷ್ಟು ದಿನ ಅವರಿಗೆ ಬಡಿಸಿದ್ದೆ, ಬೈದಿದ್ದೆ, ಅವರ ಪಾಲಿನ ಕೆಲಸವನ್ನೂ ಮಾಡಿದ್ದೆ. ಓಣಿಯವರಂತೆ ಒಮ್ಮೆಯೂ ಅವರನ್ನು ಕೆಲಸಕ್ಕೆ ಕರೆದಿರಲಿಲ್ಲ. ನಾಚಿಕೆಯಾಗಿ, ಬಿಗಿದ ಸೆರಗು ಸಡಿಲಿಸಿ ಅವರ ಬಳಿಗೆ ಹೋದೆ.

"ನಮ್ಮ ಉಂಕಿ ಐತ್ರಿ," ಎಂದೆ. "ಬರ್ರಿ."