‘ತೋರಿಸ್ರಿ’ ಅಂದರು ಜಡ್ಜಮ್ಮ

ಹುಣಸೂರಿನ ಕೋರ್ಟ್ ಹಾಲ್‌ನಲ್ಲಿ ನಮ್ಮ ದೊಡ್ಡಮಾವ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಶರಣಾಗತಿ ಅಂದುಕೊಂಡಿರಾ? ಅಲ್ಲ. ಹೊಗೆಸೊಪ್ಪು ಕೊಡುತ್ತಿದ್ದರು. ಅದೂ ಇಲ್ಲದ ಸೊಪ್ಪು!

ತಾಳಿ, ಮೊದಲಿಂದ ಹೇಳುತ್ತೇನೆ.

ಕೋರ್ಟಿನ ಸುದ್ದಿ ಅಂದರೆ ನನಗೆ ಅಷ್ಟಕ್ಕಷ್ಟೆ. ‘ನ್ಯಾಯಾಧೀಶರಿಂದ ಸಸಿ ನೆಡುವ ಕಾರ್ಯಕ್ರಮ’ ಅನ್ನೋ ಫೋಟೋ ನಮ್ಮ ಕಡೆಯ ಪತ್ರಿಕೆಗಳಲ್ಲಿ ನೀವೂ ನೋಡಿರುತ್ತೀರಿ. ಗೇಣುದ್ದ ಸಸಿ, ಅದಕ್ಕೆ ಹತ್ತಾರು ಕೈ. (ಪಾಪ, ಸಸಿಗೆ ಉಸಿರು ಕಟ್ಟಲ್ವಾ?) ಜಡ್ಜುಗಳು ತೀರ್ಪು ಬರೆದುಕೊಂಡು ಇರಬಾರದೇ, ಊರ ಉಸಾಬರಿ ಯಾಕೆ ಅಂತ ಕೊಂಕು ತೆಗೆಯುತ್ತಿದ್ದವಳು ನಾನು.

ಈಗ ಮಾವಂದಿರ ವಿಷಯ. ಗಾವಡಗೆರೆ ಹತ್ತಿರ ನಮ್ಮಮ್ಮನ ಇಬ್ಬರು ತಮ್ಮಂದಿರಿದ್ದಾರೆ, ದೊಡ್ಡಮಾವ ಮತ್ತು ಚಿಕ್ಕಮಾವ. ಇಬ್ಬರೂ ಬೆಳೆಯುವುದು ಹೊಗೆಸೊಪ್ಪು. ಜಮೀನು ಭಾಗವಾಯಿತು, ಮನೆ ಭಾಗವಾಯಿತು, ಬ್ಯಾರನ್ ಮಾತ್ರ ಆಗಲಿಲ್ಲ. ಸೊಪ್ಪನ್ನು ಶಾಖದಲ್ಲಿ ಹದ ಮಾಡುವ ಆ ಎತ್ತರದ ಕಟ್ಟಡಕ್ಕೆ ನಡುವೆ ಗೋಡೆ ಹಾಕಿ ಪಾಲು ಮಾಡಲು ಬರುತ್ತದೆಯೇ?

ಇಬ್ಬರ ಸೊಪ್ಪೂ ಹೆಚ್ಚೂಕಮ್ಮಿ ಒಟ್ಟಿಗೇ ಮಾಗುತ್ತದೆ. ಮೊದಲು ಯಾರದನ್ನು ತುಂಬಬೇಕು? ಇಷ್ಟೇ ಜಗಳ. ಇಷ್ಟಕ್ಕೇ ಕೇಸು. ಮುಗಿಯುವವರೆಗೆ ಯಾರೂ ಮುಟ್ಟುವ ಹಾಗಿಲ್ಲ ಅಂತಾಗಿ ಬ್ಯಾರನ್ನಿಗೆ ಬೀಗ ಬಿತ್ತು. ಅಲ್ಲಿಂದ ವರ್ಷಾವರ್ಷ ಇಬ್ಬರೂ ಹಸಿ ಸೊಪ್ಪು ಹೇರಿಕೊಂಡು ಕಂಡವರ ಬ್ಯಾರನ್ ಮುಂದೆ ಕಾದರು. ಕಾದಷ್ಟೂ ಸೊಪ್ಪು ಕೆಡುತ್ತದೆ. ಅಣ್ಣತಮ್ಮಂದಿರ ಮಾತು ಪೂರ್ತಿ ನಿಂತಿತ್ತು. ಬೆಂಕಿ ಕಾಣದ ಬ್ಯಾರನ್ನಿನ ಗೋಡೆಯೂ ಬಿರುಕು ಬಿಡತೊಡಗಿತ್ತು. ಇನ್ನೊಂದು ವರ್ಷ ಹೀಗೇ ಬಿಟ್ಟರೆ ಅದೂ ಇಲ್ಲ.

ಲೋಕ ಅದಾಲತ್‌ಗೆ ಮುಂಚೆ ರಾಜಿ ಮಾತುಕತೆಗೆ ಕರೆದರು. ದೊಡ್ಡಮಾವನ ಬಿಪಿ ಮಾತ್ರೆ ಹಿಡಿದುಕೊಂಡು ನಾನೂ ಹೋದೆ. ಜಡ್ಜಮ್ಮ ಬೀದರ್ ಕಡೆಯವರು, ಇಲ್ಲಿಗೆ ಹೊಸಬರು. ಕನ್ನಡಕ ಸರಿಮಾಡಿಕೊಂಡು ಮೊದಲು ಕೇಳಿದ್ದೇ ಇದು: “ಈ ಬ್ಯಾರನ್ ಅಂದ್ರ ಏನ್ರೀ? ನಮ್ಮ ಕಡೆ ತೊಗರಿ ಬೆಳೀತಾರ. ನಾ ಇದನ್ನ ನೋಡಿಲ್ಲ.”

ವಕೀಲರು ಎದ್ದರು. “ನೀವು ಕೂಡ್ರಿ. ಅವರು ಹೇಳ್ಲಿ” ಎಂದರು ಜಡ್ಜಮ್ಮ.

ದೊಡ್ಡಮಾವ ಗಂಟಲು ಸರಿಮಾಡಿಕೊಂಡರು. “ಸೊಪ್ಪ ಕೋಲ್ಗೆ ಕಟ್ಟದು ಕಣ್ರವ್ವಾ. ಒಳಗಡೆ ಅಡ್ಡಮರ ಇರ್ತವೆ, ಒಂದ್ರ ಮ್ಯಾಲೊಂದು. ಒಬ್ಬ ಮೇಲತ್ಬೇಕು, ಇನ್ನೊಬ್ಬ ಕೆಳಗಿಂದ ಕೋಲ್ ಕೊಡ್ಬೇಕು.”

“ನಿಮ್ಮೊಳಗ ಮ್ಯಾಲೆ ಹತ್ತೋರು ಯಾರು?”

ಚಿಕ್ಕಮಾವ ಗೋಡೆ ನೋಡುತ್ತ, “ನಾನೇಯ” ಎಂದರು.

“ಹೆಂಗ ಕೊಡ್ತೀರಿ? ನನಗ ತಿಳೀಲಿಲ್ಲ. ತೋರಿಸ್ರಿ.”

ಕೋರ್ಟಿನಲ್ಲಿ! ವಕೀಲರು ಮುಸಿಮುಸಿ ನಕ್ಕರು. ದೊಡ್ಡಮಾವ ನಗಲಿಲ್ಲ. ಹೆಗಲ ಟವೆಲ್ಲನ್ನು ಸೊಂಟಕ್ಕೆ ಸುತ್ತಿ, ಬಗ್ಗಿ, ಇಲ್ಲದ ಕೋಲನ್ನು ಹಿಡಿದು ಮೇಲೆತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಇಸಿದುಕೊಳ್ಳುವವರು ಬೇಕಲ್ಲ? ವಯಸ್ಸಾದ ಕೈ, ಎಷ್ಟು ಹೊತ್ತು ಹಾಗೇ ಇದ್ದೀತು? ನಾನು ಬ್ಯಾಗಿನಲ್ಲಿ ಮಾತ್ರೆ ಹುಡುಕುತ್ತಿದ್ದೆ.

ತಲೆಯೆತ್ತಿ ನೋಡಿದರೆ, ಚಿಕ್ಕಮಾವ ಚಪ್ಪಲಿ ಬಿಟ್ಟು ಬೆಂಚು ಹತ್ತುತ್ತಿದ್ದಾರೆ! (ಸ್ಕೂಲಿನಲ್ಲೂ ಹತ್ತಿರಲಿಕ್ಕಿಲ್ಲ.) ಕೋರ್ಟಿನ ಸಿಬ್ಬಂದಿಯೊಬ್ಬರು “ಏಯ್” ಅಂದರು. ಜಡ್ಜಮ್ಮ ಇರಲಿ ಅಂತ ಕೈಸನ್ನೆ ಮಾಡಿದರು. ಚಿಕ್ಕಮಾವ ಬಗ್ಗಿ ಆ ಇಲ್ಲದ ಕೋಲನ್ನು ಇಸಿದುಕೊಂಡರು. ಅಭ್ಯಾಸಬಲ ನೋಡಿ, ಬಾಯಿಂದ ಬಂದೇಬಿಟ್ಟಿತು: “ಉಸಾರು ಕಣಣ್ಣ.”

ಈ ‘ಅಣ್ಣ’ ಅನ್ನೋ ಪದ ಕೇಳಲು ನಮ್ಮಮ್ಮ ಹೊರದ ಹರಕೆಯಿಲ್ಲ. ಜಡ್ಜಮ್ಮ ಒಂದೇ ಒಂದು ಬುದ್ಧಿಮಾತು ಹೇಳಿರಲಿಲ್ಲ. ಒಡಹುಟ್ಟಿದವರು, ರಕ್ತಸಂಬಂಧ ಅಂತ ಭಾಷಣ ಇಲ್ಲ. ನನಗೆ ಗೊತ್ತಿಲ್ಲ, ತೋರಿಸಿ ಅಂದರು. ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತು ನನಗೆ ಗೊತ್ತಿಲ್ಲ ಅನ್ನಲು ಎಂಥ ಎದೆ ಬೇಕು!

“ಯಾರದು ಮೊದಲ ತುಂಬಿದ್ರೂ ಇಬ್ಬರೂ ಬೇಕಲ್ರೀ?” ಎಂದರು ಜಡ್ಜಮ್ಮ, ಮೆಲ್ಲಗೆ.

“ಈ ಸಲ ಅವಂದೇ ತುಂಬ್ಲಿ ಬುಡಿ ಅವ್ವಾ. ಆಗ್ಲೇ ಮಾಗ್ಬುಟ್ಟದೆ” ಎಂದರು ದೊಡ್ಡಮಾವ.

ಬೆಂಚಿನ ಮೇಲಿಂದಲೇ ಚಿಕ್ಕಮಾವ ಕೇಳಿದರು: “ನನ್ ಹೊಲಾವ ನೀನ್ಯಾವಾಗ ನೋಡ್ದೆ?”

“ದಿನಾ ನೋಡ್ತೀನಿ ಕಣ್ಲಾ.”

ಮುಸಿಮುಸಿ ನಗುತ್ತಿದ್ದ ವಕೀಲರೂ ತಲೆ ತಗ್ಗಿಸಿದರು. ನಾನಂತೂ ಅತ್ತೆ. ಮುಚ್ಚಿಡುವುದೇನಿದೆ?

ರಾಜಿಗೆ ಸಹಿ ಬಿದ್ದು ಕೇಸು ಮುಗಿದ ಮೇಲೆ, ಮೊನ್ನೆ ಕಾನೂನು ಅರಿವು ಕಾರ್ಯಕ್ರಮಕ್ಕೆ ಜಡ್ಜಮ್ಮ ಗಾವಡಗೆರೆಗೆ ಬಂದಿದ್ದರು. ಶಾಲೆಯಲ್ಲಿ ಸಸಿ ನೆಟ್ಟವರು, ಬ್ಯಾರನ್ ನೋಡಬೇಕು ಅಂದರು. ಒಳಗೆ ಚಿಕ್ಕಮಾವನ ಸೊಪ್ಪು ತುಂಬುತ್ತಿತ್ತು. ಮೇಲೆ ಅಡ್ಡಮರದಲ್ಲಿ ಅವರು, ಕೆಳಗೆ ದೊಡ್ಡಮಾವ. ಜಡ್ಜಮ್ಮ ಕತ್ತೆತ್ತಿ, “ಅಬ್ಬಾ, ಇಷ್ಟು ಎತ್ತರ ಏನ್ರೀ!” ಅಂತ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು.

(ಸಸಿಯ ಫೋಟೋ ಪತ್ರಿಕೆಯಲ್ಲಿ ಬಂದಿದೆ. ಆ ಹತ್ತಾರು ಕೈಗಳಲ್ಲಿ ಒಂದು ನನ್ನದು. ನಗಬೇಡಿ.)

ಬ್ಯಾರನ್ನಿನ ಆ ಬೀಗ ಈಗ ದೊಡ್ಡಮಾವನ ಮನೆ ಗೂಡಿನಲ್ಲಿ ತುಕ್ಕು ಹಿಡಿಯುತ್ತಿದೆ. ಅದಿರಲಿ, ನಿಮ್ಮ ಮನೆಯಲ್ಲಿ ಬೀಗ ಬಿದ್ದಿರುವುದು ಯಾವುದಕ್ಕೆ?