ಇನ್ನೊಂದು ಕಾಲು ಯಾರದು

…ಅಥವಾ ಆ ಹೂವನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಮೊನ್ನೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹೊರಗೆ ನಿಂತಿದ್ದಾಗ ಚೆಂಡುಹೂವಿನ ಮೂಟೆ ಹೇರಿದ ಗೂಡ್ಸ್ ಆಟೋವೊಂದು ಪಕ್ಕದಲ್ಲೇ ಬಂದು ನಿಂತಿತು. ಬಿಸಿಲಿಗೆ ಬೆವೆತ ಹೂವಿನ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅವಳು ನೆನಪಿಗೆ ಬಂದುಬಿಟ್ಟಳು. ನಾನು ಮೊದಲ ಸಲ ಕಂಡಾಗ ಅವಳ ಸೆರಗಿನ ಗಂಟಿನಲ್ಲಿ ಜಜ್ಜಿದ ಹೂವಿತ್ತು ಎನ್ನುತ್ತದೆ ನನ್ನ ನೆನಪು. ಆದರೆ ಅಪಘಾತವಾಗಿ ಬಂದವರ ಬಟ್ಟೆಯನ್ನು ಕೆಳಗೆ ಎಮರ್ಜೆನ್ಸಿಯಲ್ಲೇ ಕತ್ತರಿಸಿ ತೆಗೆಯುತ್ತಾರೆ. ನಾನು ಅವಳನ್ನು ಕಂಡದ್ದು ಆಪರೇಷನ್ ಆದಮೇಲೆ, ಆಸ್ಪತ್ರೆಯ ಗೌನಿನಲ್ಲಿ. ಸೆರಗೇ ಇರಲಿಲ್ಲ. ವಾರ್ಡಿನಲ್ಲಿ ಎಲ್ಲರೂ ಅವಳನ್ನು ಹೂವಿನಕ್ಕ ಎನ್ನುತ್ತಿದ್ದರು, ಅಲ್ಲಿಂದ ಬಂದ ಹೂವಿರಬೇಕು ಅದು.

ನೆನಪನ್ನು ನಾನು ನಂಬುವುದಿಲ್ಲ. ಅವಳ ಮುಖ ಹೇಗಿತ್ತು ಎಂದು ಕೇಳಿದರೆ ಮೂರು ಥರ ಹೇಳಿಯೇನು. ಆದರೆ ಎರಡೂ ಕಾಲು ಮುರಿದಿದ್ದವು. ಅದನ್ನು ಹೇಳಿದ್ದು ನೆನಪಲ್ಲ, ಎಕ್ಸ್‌ರೇ.

ಆಗ ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ ಗಾಯಗಳಿಗೆ ಅಂಕ ಹಾಕುವುದು. ಒಂದೊಂದು ಗಾಯಕ್ಕೂ ಒಂದು ಕೋಡ್, ಅದು ಎಷ್ಟು ಕೆಟ್ಟದ್ದು ಎನ್ನುವುದಕ್ಕೆ ಒಂದರಿಂದ ಆರರವರೆಗೆ ಒಂದು ಅಂಕ. ತರಚಿದರೆ ಒಂದು, ತೊಡೆಮೂಳೆ ಮುರಿದರೆ ಮೂರು, ಆರು ಬಿದ್ದರೆ ಮುಂದೆ ಕೇಳುವಂಥದ್ದೇನೂ ಇಲ್ಲ. ಆಮೇಲೆ ದೇಹವನ್ನು ಭಾಗ ಮಾಡಬೇಕು. ಒಂದು ಭಾಗಕ್ಕೆ ಒಂದೇ ಗಾಯ, ಇದ್ದದ್ದರಲ್ಲಿ ಕೆಟ್ಟದ್ದು. ಅದರ ಅಂಕವನ್ನು ಅದರಿಂದಲೇ ಗುಣಿಸಿ, ಅತಿ ಕೆಟ್ಟ ಮೂರು ಭಾಗಗಳದ್ದನ್ನು ಕೂಡಬೇಕು. ಹದಿನೈದು ದಾಟಿದರೆ ತೀವ್ರ ಗಾಯ, ದಾಟದಿದ್ದರೆ ಅಲ್ಲ. ಕೈಕಾಲು ಎಲ್ಲ ಸೇರಿ ಒಂದೇ ಭಾಗ. ಹೂವಿನಕ್ಕನ ಎರಡೂ ತೊಡೆಮೂಳೆ ತುಂಡಾಗಿದ್ದವು, ಲೆಕ್ಕಕ್ಕೆ ಬಂದದ್ದು ಒಂದು. ಮೂರು ಮೂರಲೆ ಒಂಬತ್ತು, ಬೆನ್ನು ತರಚಿದ್ದಕ್ಕೆ ಒಂದು. ಒಟ್ಟು ಹತ್ತು.

ಎರಡೂ ಕಾಲು ಒಟ್ಟಿಗೆ ಹೇಗೆ ಮುರಿಯುತ್ತವೆ ಎಂದು ಈ ಕಡೆಯವರು ಯಾರೂ ಕೇಳುವುದಿಲ್ಲ. ಹೂ ಕುಯ್ದು ವಾಪಸಾಗುವಾಗ ಮೂಟೆಗಳು ಆಟೋದ ಒಳಗೆ, ಹೆಂಗಸರು ಹಿಂದಿನ ಹಲಗೆಯನ್ನು ಇಳಿಸಿ ಅದರ ಮೇಲೆ, ಕಾಲು ಹೊರಗೆ ಇಳಿಬಿಟ್ಟುಕೊಂಡು. ಮೂಟೆಯ ಮೇಲೆ ಕೂತರೆ ಹೂ ನಲುಗುತ್ತದೆ. ಹಿಂದೆ ಬರುವ ಈರುಳ್ಳಿ ಲಾರಿಗೆ ಬ್ರೇಕ್ ಹಿಡಿಯದೆ ಹೋದರೆ ಮೊದಲು ಸಿಗುವುದು ಆ ಕಾಲುಗಳ ಸಾಲು. ಈ ಅಂಕದ ಪದ್ಧತಿ ಶುರುವಾದದ್ದು ಎಲ್ಲೋ ದೂರದಲ್ಲಿ, ಕಾರಿನೊಳಗೆ ಸೀಟಿನ ಮೇಲೆ ಕೂತವರನ್ನು ನೋಡಿ. ಹಲಗೆಯ ಮೇಲೆ ಕೂತವರನ್ನು ಅವರು ನೋಡಿರಲಿಲ್ಲ.

ಹತ್ತು ಬಂದರೇನು, ಹದಿನೈದು ದಾಟಿದರೇನು ಅನ್ನಬಹುದು. ಆಗ ಆಸ್ಪತ್ರೆಯದೇ ಒಂದು ತಂಡವಿತ್ತು, ಗಾಯಗೊಂಡವರ ಮನೆಗೇ ಹೋಗಿ ಮಂಡಿ ಮಡಚಿಸಿ, ನಿಲ್ಲಿಸಿ, ನಡೆಯಲು ಕಲಿಸುತ್ತಿದ್ದರು. ಜನ ಕಡಿಮೆ, ಜೀಪು ಒಂದು, ಹೀಗಾಗಿ ತೀವ್ರ ಗಾಯದವರಿಗೆ ಮಾತ್ರ. ಹೂವಿನಕ್ಕನ ಊರು ಗುಂಡ್ಲುಪೇಟೆಯಿಂದಲೂ ಆಚೆ. ಎರಡು ತೊಡೆಯಲ್ಲೂ ರಾಡು ಇಟ್ಟುಕೊಂಡವಳು ಬಸ್ಸು ಬದಲಿಸಿ ಆಸ್ಪತ್ರೆಗೆ ಬರುವ ಮಾತೇ ಇರಲಿಲ್ಲ. ತಂಡ ಬಂದರೆ ನಡೆದಾಳು, ಇಲ್ಲದಿದ್ದರೆ ಮಂಡಿ ಸೆಟೆದು ಕೂತಲ್ಲೇ ಕೂತಾಳು. ಇದು ಅವಳಿಗೂ ಗೊತ್ತಿತ್ತು.

ಗಾಯದ ವಿವರ ಸರಿನೋಡಲು ಹೋದ ನನ್ನನ್ನು ಅವಳೇ ಕೇಳಿದಳು.

"ಎಷ್ಟು ಮಾರ್ಕ್ಸ್ ಹಾಕ್ದೆ ಕಣಮ್ಮಿ ನಂಗೆ? ಪಾಸಾ?"

ಹತ್ತು ಎಂದೆ. ಇಲ್ಲೂ ಫೇಲಾದಳು ನೋಡು ಎಂದು ಪಕ್ಕದ ಮಂಚದ ಅಜ್ಜಿ ನಕ್ಕಿತು. ಹೇಗೆ ಹತ್ತು ಎಂದು ಬಿಡಿಸಿ ಹೇಳಿದೆ.

"ಒಂದ್ ಕಾಲ ಲೆಕ್ಕಕ್ಕೆ ತಕಂಡೆ. ಇನ್ನೊಂದು ಕಾಲು ಯಾರ್ದು ಕಣಮ್ಮಿ? ನಿಮ್ ಡಾಕ್ಟ್ರುದಾ?"

ಇನ್ನೊಂದು ಪದ್ಧತಿಯೂ ಇದೆ. ಯಾವ ಭಾಗದ್ದಾದರೂ ಸರಿ, ಅತಿ ಕೆಟ್ಟ ಮೂರು ಗಾಯಗಳನ್ನು ಕೂಡುವುದು. ಅದರಲ್ಲಿ ಅವಳಿಗೆ ಹತ್ತೊಂಬತ್ತು. ಅದನ್ನೇ ನನ್ನ ಮೇಲಿನ ಡಾಕ್ಟರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಎಲ್ಲ ಆಸ್ಪತ್ರೆಗಳೂ ಒಂದು ಅಳತೆ ಹಿಡಿದಿರುವಾಗ ನಾವೊಬ್ಬರೇ ಬೇರೆ ಹಿಡಿದರೆ ಹೋಲಿಸುವುದು ಹೇಗೆ ಎಂದರು. ತಂಡದವರು ನೋಡುವುದೂ ಆ ಒಂದೇ ಅಂಕವನ್ನು ಎಂದರು. ಎರಡೂ ನಿಜ. ನಿಜವಾಗಿದ್ದಕ್ಕೇ ನನಗೆ ಸಿಟ್ಟು ಬಂತು.

ಡಿಸ್ಚಾರ್ಜಿನ ದಿನ ಅವಳು ತನ್ನ ವೀಲ್‌ಚೇರನ್ನು ನಮ್ಮ ಕೋಣೆಯ ಬಾಗಿಲಿಗೆ ಅಡ್ಡ ನಿಲ್ಲಿಸಿಕೊಂಡಳು. ಒಳಗಿದ್ದವರು ಹೊರಗೆ ಹೋಗುವ ಹಾಗಿಲ್ಲ, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಡಾಕ್ಟರು ಬಂದು ಏನಮ್ಮ ಇದು ಎಂದರು.

"ಲೆಕ್ಕಕ್ಕಿಲ್ದ ಕಾಲ ಇಲ್ಲೇ ಬುಟ್ಟು ಓಯ್ತೀನಿ ಸಾ. ಬಿಚ್ಕಳಿ. ಲೆಕ್ಕಕ್ಕಿರೋ ಒಂದ್ನೇ ಕೊಡಿ ಸಾಕು."

ಕಾರಿಡಾರು ನಕ್ಕಿತು. ಡಾಕ್ಟರೂ ನಕ್ಕ ಹಾಗೆ ನೆನಪು, ಬೇರೆ ಯಾರದೋ ನಗುವನ್ನು ಅವರ ಮುಖಕ್ಕೆ ಅಂಟಿಸಿದ್ದೇನೋ ಏನೋ. ಅವಳು ನಗಲಿಲ್ಲ. ನಗಿಸಲು ಹೇಳುತ್ತಿಲ್ಲ ಎಂದಳು. ಮಧ್ಯಾಹ್ನದ ಊಟದ ಗಾಡಿ ಬಂದು ನಿಲ್ಲುವವರೆಗೂ ಜಗ್ಗಲಿಲ್ಲ.

ಅಂಕ ಬದಲಾಗಲಿಲ್ಲ. ತಂಡದ ಪಟ್ಟಿಯಲ್ಲಿ ಅವಳು ಸೇರಲಿಲ್ಲ. ಕರೆದೊಯ್ಯಲು ಅವಳ ಅಣ್ಣ ತಂದದ್ದೂ ಗೂಡ್ಸ್ ಆಟೋನೇ. ಹಾಸಿಗೆ ಹಾಸಿ ಅಡ್ಡ ಮಲಗಿಸಿ ಹಲಗೆ ಎತ್ತಿ ಕೊಂಡಿ ಹಾಕಿದರು. ಹಲಗೆಯ ಮೇಲಿಂದ ಕತ್ತೆತ್ತಿ ನನಗೆ ಹೇಳಿದಳು: "ನೀನಾರ ಎರಡೂವ ಬರ್ಕೊ ಕಣಮ್ಮಿ."

ಬರೆದೆ. ಅವತ್ತಿನಿಂದ ಬರೆಯುತ್ತಲೇ ಇದ್ದೇನೆ. ಫಾರಂ ಕೇಳಿದ ಅಂಕ ಕೇಳಿದ ಜಾಗದಲ್ಲಿ, ಕೇಳದ ಇನ್ನೊಂದು ಪದ್ಧತಿಯ ಅಂಕ ಅದರ ಕೆಳಗೆ. ಬೇಡ ಎಂದು ಹೇಳಿ ನೋಡಿದರು. ಕಂಪ್ಯೂಟರು ಬಂದಾಗ ಅದರಲ್ಲಿ ಎರಡನೆಯದಕ್ಕೆ ಜಾಗವೇ ಇರಲಿಲ್ಲ, ಷರಾ ಬರೆಯುವಲ್ಲಿ ತುರುಕಿದೆ. ಯಾರಾದರೂ ಓದುತ್ತಾರೋ ಇಲ್ಲವೋ, ನನಗೇನು. ಹಲಗೆಯ ಮೇಲೆ ಕೂತು ಬಂದವರು ಎರಡು ಕಾಲಿನವರು. ಅದನ್ನು ಒಂದು ಅಂತ ಮಾತ್ರ ಬರೆದು ಕೈ ತೊಳೆದುಕೊಳ್ಳುವವಳು ನಾನಲ್ಲ.

ಮೊನ್ನೆ ಆ ಆಟೋದ ಹಿಂದಿನ ಹಲಗೆಯ ಮೇಲೂ ಹೆಂಗಸರಿದ್ದರು. ಹತ್ತಿರ ಹೋಗಿ ಕೇಳಿದೆ, ಹೀಗೇ ಹೂವಿಗೆ ಹೋಗಿ ಎರಡೂ ಕಾಲು ಮುರಿದುಕೊಂಡ ಒಬ್ಬಾಕೆ, ಬಾಯಿ ಸ್ವಲ್ಪ ಜೋರು, ಗೊತ್ತಾ ಎಂದು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎರಡ್ ಕಾಲೂ ಮುರ್ದೋರು ಬಾಳ ಜನ ಅವ್ರೆ ಕಣಕ್ಕ," ಎಂದಳು ಒಬ್ಬಳು. "ಯಾರ್ನ ಕೇಳ್ತಿದ್ದೀರಿ?"

ಊರಿನ ಹೆಸರು ಹೇಳಿದೆ, ಸರಿಯಾದ ಹೆಸರನ್ನೇ ಹೇಳಿದೆನೋ ಇಲ್ಲವೋ. ಒಬ್ಬಳು, ಮನೆ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಾಳಲ್ಲ ಅವಳಾ ಎಂದಳು. ಇನ್ನೊಬ್ಬಳು, ಅವಳಲ್ಲ, ಕೋಲು ಹಿಡಿದು ಹೊಲಕ್ಕೆ ಬರುತ್ತಾಳಲ್ಲ ಅವಳಿರಬೇಕು ಎಂದಳು. ಅಷ್ಟರಲ್ಲಿ ಆಟೋ ಹೊರಟಿತು. ಇಳಿಬಿಟ್ಟ ಕಾಲುಗಳು ಒಟ್ಟಿಗೆ ತೂಗಿದವು, ವಾಸನೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

ಹೂವಿನಕ್ಕ ಆ ಇನ್ನೊಂದು ಕಾಲನ್ನು ನೆಲಕ್ಕೆ ಊರಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.