ಒಲೆ ಆರಿಸಿದ ತಂಗಿ

ಅಜ್ಜಂಪುರದ ಸುತ್ತ ಯಾರ ಮನೆಯಲ್ಲಿ ಸಾವಾದರೂ ನೆಂಟರಿಗಿಂತ ಮೊದಲು ಮುಟ್ಟುತ್ತಿದ್ದವರು ಮಲ್ಲಿಕಾರ್ಜುನಯ್ಯ. ಹೆಣವನ್ನು ಕೂರಿಸಿ, ವಿಭೂತಿ ಬಳಿದು, ಹೆಣ ಹೊರಲು ಬಿದಿರಿನ ವಿಮಾನ ಕಟ್ಟಿಸಿ, ಅಳುವವರನ್ನು ಗದರಿಸಿ, ಕಡೆಗೆ ಗುಂಡಿಯನ್ನೂ ತಾವೇ ಇಳಿದು ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಯಾರೂ ಕರೆಯಬೇಕಾಗಿಯೂ ಇರಲಿಲ್ಲ. ದೂರದ ನೆಂಟರಿಗೆ ಫೋನು ಮಾಡುವ ಕೆಲಸವೂ ಅವರದೇ. "ಹಾರ್ಟ್ ಫೇಲ್ ಆಯ್ತು ಕಣಪ್ಪಾ, ಹೊರಟು ಬಾ" ಅನ್ನುವುದು, ಫೋನು ಇಡುವುದು. ವಯಸ್ಸಾದವರು ಯಾವ ಕಾಯಿಲೆಯಲ್ಲಾದರೂ ಸಾಯಲಿ, ಇವರ ಬಾಯಲ್ಲಿ ಎಲ್ಲರದೂ ಹಾರ್ಟ್ ಫೇಲೇ.

ಅಂಥವರಿಗೆ ಶಿವಮೊಗ್ಗದ ಡಾಕ್ಟರು, "ಯಜಮಾನ್ರೇ, ನಿಮಗಿರೋದು ಹಾರ್ಟ್ ಫೇಲ್ಯೂರ್" ಅಂದುಬಿಟ್ಟರು. ಪಾಪ, ಅವರು ಬಿಡಿಸಿಯೇ ಹೇಳಿದ್ದರು. ಹೃದಯ ನಿಂತಿಲ್ಲ, ಪಂಪು ಸೋತಿದೆ ಅಷ್ಟೇ. ಅದಕ್ಕೇ ಕಾಲು ಊದಿದೆ, ಮಲಗಿದರೆ ಉಸಿರು ಕಟ್ಟುತ್ತದೆ. ಉಪ್ಪು, ನೀರು ಕಮ್ಮಿ ಮಾಡಿ, ಮಾತ್ರೆ ತಪ್ಪಿಸದಿದ್ದರೆ ಇನ್ನೂ ಎಷ್ಟೋ ಕಾಲ ಬಾಳಬಹುದು. ಪಕ್ಕದಲ್ಲಿದ್ದ ಸೊಸೆ ಮಲ್ಲಿಕಾಂಬ ಎಲ್ಲವನ್ನೂ ಕೇಳಿಸಿಕೊಂಡಳು. ಮಾವನ ಕಿವಿಗೆ ಬಿದ್ದದ್ದು 'ಹಾರ್ಟ್ ಫೇಲ್' ಎಂಬ ಎರಡು ಶಬ್ದ ಮಾತ್ರ.

ಮನೆಗೆ ಬಂದವರು ಮಾತ್ರೆ ಮುಟ್ಟಲೇ ಇಲ್ಲ.

"ಫೇಲ್ ಆದ್ಮೇಲೆ ಔಷ್ಧಿ ಯಾತಕ್ಕವ್ವಾ? ನಾನು ಎಷ್ಟು ಜನಾನ ವಿಮಾನದಲ್ಲಿ ಕೂರ್ಸಿಲ್ಲ. ಫೇಲ್ ಆಗಿ ಎದ್ದು ಬಂದೋನ್ನ ಒಬ್ಬನ್ನೂ ಕಾಣೆ."

ಮಲ್ಲಿಕಾಂಬ ಬೇಡಿದಳು, ಮುನಿಸಿಕೊಂಡಳು, ಮಾತ್ರೆಯನ್ನು ಬಾಳೆಹಣ್ಣಿನೊಳಗೆ ಅಡಗಿಸಿ ಕೊಟ್ಟಳು. ಆ ಪುಣ್ಯಾತ್ಮರು ಹಣ್ಣು ನುಂಗಿ ಮಾತ್ರೆ ಉಗಿದರು. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಅಪ್ಪ ತೀರಿಕೊಂಡಾಗ ಇದೇ ಮಾವ ತಲೆ ಸವರಿ "ನಾನಿಲ್ವೇನವ್ವಾ" ಅಂದಿದ್ದರು. ಆ ಒಂದು ಮಾತನ್ನು ನಂಬಿಕೊಂಡೇ ಅವಳು ಆ ಮನೆಯಲ್ಲಿ ಬೇರು ಬಿಟ್ಟಿದ್ದು. ಈಗ ದಿಂಬಿನ ಮೇಲೆ ದಿಂಬು ಪೇರಿಸಿ ಒರಗಿಕೊಂಡು ಏದುಸಿರು ಬಿಡುವ ಅವರನ್ನು ಕಂಡರೆ ಅವಳಿಗೆ ಅಳುವೂ ಬರುತ್ತಿತ್ತು, ಕೈಯಲ್ಲಿದ್ದ ಸೌಟಿನಿಂದ ಎರಡು ಬಾರಿಸೋಣ ಅಂತಲೂ ಅನ್ನಿಸುತ್ತಿತ್ತು.

ಗಂಡ ವಿಶ್ವನಾಥ್ ಕೊಬ್ಬರಿ ಹೇರಿಸಿಕೊಂಡು ತಿಪಟೂರಿಗೆ ಹೋಗಿದ್ದ. ಮಾವ ಯಾರ ಮಾತಿಗಾದರೂ ಬಗ್ಗುವುದಿದ್ದರೆ ಅದು ಪಂಚನಹಳ್ಳಿಗೆ ಕೊಟ್ಟ ತಂಗಿ ತೀರ್ಥಮ್ಮನ ಮಾತಿಗೆ. ಮಲ್ಲಿಕಾಂಬ ಬೆಳಿಗ್ಗೆಯೇ ಆಕೆಗೆ ಫೋನು ಮಾಡಿದಳು.

"ಅತ್ತೆ, ಮಾವಂಗೆ ಹಾರ್ಟ್ ಫೇಲ್ಯೂರ್ ಅಂತೆ. ನೀವು ಬರ್ಲೇಬೇಕು."

ಆ ಕಡೆ ಏನೋ ಬಿದ್ದ ಸದ್ದಾಗಿ ಮಾತು ನಿಂತಿತು. ನೆಟ್‌ವರ್ಕ್ ಹೋಯಿತು ಅಂದುಕೊಂಡು ಇವಳು ಸಾರಿಗೆ ಕಾಳು ಬೇಯಲಿಟ್ಟಳು.

ಮಧ್ಯಾಹ್ನ ಬೀದಿಯ ತಿರುವಿನಲ್ಲಿ ಗೋಳು ಕೇಳಿಸಿತು. ಜಗಲಿಯ ಮೇಲಿದ್ದ ಮಲ್ಲಿಕಾರ್ಜುನಯ್ಯ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಊದಿದ ಕಾಲನ್ನು ಚಪ್ಪಲಿಗೆ ತುರುಕತೊಡಗಿದರು.

"ಯಾರೋ ಹೋದ್ರು ಕಣವ್ವಾ. ಬಿದಿರು ಸಿಕ್ತದೋ ಇಲ್ವೋ, ನೋಡ್ಬೇಕು."

"ನನ್ನ ಬಿಟ್ಟು ಹೋದ್ಯಲ್ಲೋ ಅಣ್ಣಯ್ಯಾ" ಎಂದು ಎದೆ ಬಡಿದುಕೊಳ್ಳುತ್ತಾ ತೀರ್ಥಮ್ಮ ಜಗಲಿಯ ಮುಂದೆಯೇ ಬಂದು ನಿಂತರು. ಕೈಚೀಲದಿಂದ ಸೇವಂತಿಗೆ ಹಾರ ಇಣುಕುತ್ತಿತ್ತು. ಅಣ್ಣ ಕಣ್ಣಿಗೆ ಬಿದ್ದದ್ದೇ ತೆರೆದ ಬಾಯಿ ತೆರೆದೇ ಉಳಿಯಿತು. ಅಣ್ಣ ಬಗ್ಗಿ ಹಾರದಿಂದ ಒಂದು ಎಸಳು ಕಿತ್ತು ಬೆರಳಲ್ಲಿ ಉಜ್ಜಿ ನೋಡಿದರು.

"ಕಡೂರಲ್ಲಿ ತಗೊಂಡ್ಯಾ? ನೆನ್ನೆ ಹೂವು ಕೊಟ್ಟವ್ನೆ."

"ನಿನ್ನ ಬಾಯಿಗೆ ಮಣ್ಣು ಹಾಕ" ಎಂದು ಬೈಯುತ್ತಾ ತೀರ್ಥಮ್ಮ ಅಣ್ಣನ ಎರಡೂ ಕೈ ಹಿಡಿದುಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು.

ಮಲ್ಲಿಕಾಂಬ ತನ್ನ ಫೋನಿನ ಎಡವಟ್ಟನ್ನೂ ಮಾವನ ಹಠವನ್ನೂ ಒಪ್ಪಿಸಿದಳು.

"ಹೌದೇನೋ? ಮಾತ್ರೆ ನುಂಗಲ್ವಂತೆ?"

"ಫೇಲ್ ಆಗೈತೆ ಅಂತ ಡಾಕ್ಟ್ರೇ ಹೇಳವ್ರೆ ಕಣೇ. ನೀನೂ ಅತ್ಕೊಂಡು ಬಂದಿದ್ದಾಯ್ತು. ಇನ್ನೇನು ಉಳೀತು? ಹೋಗು, ಕೈ ತೊಳ್ಕೊಂಡು ಉಣ್ಣು."

ತೀರ್ಥಮ್ಮ ಕಣ್ಣೊರೆಸಿಕೊಂಡು ಒಳಗೆ ಬಂದು ಗೋಡೆಗೊರಗಿ ಕೂತರು.

"ಮಲ್ಲಿಕಾಂಬ, ಒಲೆ ಆರ್ಸು. ಸಾವಿನ ಮನೇಲಿ ಮಣ್ಣಾಗೋ ತಂಕ ಒಲೆ ಉರೀಬಾರ್ದು. ಊರಿಗೆಲ್ಲಾ ಹೇಳೋನು ಇವ್ನೇ ಅಲ್ವಾ?"

ಮುದ್ದೆಗೆ ಇಟ್ಟ ಎಸರು ಕುದಿಯುತ್ತಿತ್ತು. ಮಲ್ಲಿಕಾಂಬ ಒಂದು ಗಳಿಗೆ ಅನುಮಾನಿಸಿದಳು, ಆಮೇಲೆ ಗ್ಯಾಸ್ ಆರಿಸಿದಳು.

ತೀರ್ಥಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಅದರ ಮಾತ್ರೆ ನುಂಗಿದ್ದರು, ಸುದ್ದಿ ಕೇಳಿದಾಗಿನಿಂದ ಕಾಫಿಯನ್ನೂ ಮುಟ್ಟಿರಲಿಲ್ಲ. ನೋಡುತ್ತಿದ್ದಂತೆ ಹಣೆಯಲ್ಲಿ ಬೆವರೊಡೆಯಿತು, ಬೆರಳು ಸಣ್ಣಗೆ ನಡುಗತೊಡಗಿದವು. ಸಕ್ಕರೆ ಇಳಿಯಿತೆಂದು ಮಲ್ಲಿಕಾಂಬ ಹೆದರಿ ಬೆಲ್ಲದ ಅಚ್ಚು ತಂದಳು. ಆಕೆ ತುಟಿ ಬಿಗಿದು ಮುಖ ತಿರುಗಿಸಿದರು.

"ಏಯ್, ನಿಂಗೆ ಶುಗರ್ ಐತೆ. ಹಠ ಮಾಡ್ಬೇಡ, ತಿನ್ನು" ಅಂದರು ಹಿಂದೆಯೇ ಒಳಗೆ ಬಂದಿದ್ದ ಮಲ್ಲಿಕಾರ್ಜುನಯ್ಯ.

"ನೀನು ಸತ್ತೋನು. ಸತ್ತೋರು ಮಾತಾಡ್ಬಾರ್ದು."

ಅವರು ತಂಗಿಯ ಬೆರಳನ್ನೇ ನೋಡಿದರು. ತಾಯಿಯಿಲ್ಲದ ಮನೆಯಲ್ಲಿ ಆ ಹುಡುಗಿಗೆ ಮುದ್ದೆ ಮುರಿದು ಉಣ್ಣಿಸಿ ಬೆಳೆಸಿದವರು ಅವರೇ. ತಮ್ಮ ಹಸಿವನ್ನು ಅವರು ಎಷ್ಟು ಬೇಕಾದರೂ ತಡೆಯಬಲ್ಲರು, ಅವಳ ಹಸಿವನ್ನು ತಡೆದು ಗೊತ್ತಿಲ್ಲ.

"ತಾರವ್ವಾ ಆ ಮಾತ್ರೆ" ಅಂದರು ಸೊಸೆಗೆ.

ಮಲ್ಲಿಕಾಂಬ ಅರ್ಧ ಲೋಟ ನೀರು ಕೊಟ್ಟು "ಇಷ್ಟೇ ಮಾವ" ಅಂದಳು. ಅವರು ಗುಟುಕರಿಸಿ ನುಂಗಿ, ತಂಗಿ ನಂಬಲಿ ಎಂದು ಬಾಯಿ ತೆರೆದು ನಾಲಗೆಯನ್ನೂ ತೋರಿಸಿದರು.

"ನುಂಗಿದೀನಿ ಕಣೇ. ಬದುಕಿದೀನಿ. ಬೆಲ್ಲ ತಿನ್ನು."

ತೀರ್ಥಮ್ಮ ಬಾಯಿ ತೆರೆದರು. ಮಲ್ಲಿಕಾಂಬ ಬೆಲ್ಲ ಇಟ್ಟು ಒಲೆಯ ಹತ್ತಿರ ಓಡಿದಳು. ಕಣ್ಣು ಮಂಜಾಗಿ ಲೈಟರು ಎಷ್ಟು ಒತ್ತಿದರೂ ಒಲೆ ಹತ್ತಲೊಲ್ಲದು. ಅಂತೂ ಹತ್ತಿಕೊಂಡಿತು. ಆ ದಿನ ಮೂವರೂ ಒಟ್ಟಿಗೆ ಕೂತು ಸಪ್ಪೆ ಸಾರಿನಲ್ಲಿ ಮುದ್ದೆ ಉಂಡರು.

ಈಗ ಮಲ್ಲಿಕಾರ್ಜುನಯ್ಯ ಸಾವಿನ ಮನೆಗಳಿಗೆ ಹೋಗುವುದು ಕಮ್ಮಿ. ಆದರೆ ಫೋನು ಮಾಡುವ ಕೆಲಸ ಬಿಟ್ಟಿಲ್ಲ. ಬೆಳಗಿನ ಮಾತ್ರೆ ನುಂಗಿ ಜಗಲಿಗೆ ಬಂದು ಕೂತರೆ, ಒಳಗಿರುವ ಮಲ್ಲಿಕಾಂಬನಿಗೆ ಅವರ ದನಿ ಕೇಳಿಸುತ್ತದೆ.

"ತೀರ್ಕೊಂಡ್ರು ಕಣಪ್ಪಾ, ಹೊರಟು ಬಾ. ಹಾರ್ಟ್ ಫೇಲ್ ಅಲ್ಲ. ಅದು ನಂಗಾಗಿರೋದು."